ಗೆಡ್ಡೆಯೊಳಗಿಂದಲೇ ವಿಕಿರಣ: ಯಾರ ಲಿವರ್ ತಡೆದೀತು?

ಲಿವರ್‌ನಲ್ಲಿ ಗೆಡ್ಡೆ ಇದೆ ಎಂದು ಸ್ಕ್ಯಾನಿಂಗ್ ವರದಿ ಬಂದ ಮನೆಯಲ್ಲಿ ಮೊದಲು ಏಳುವ ಮಾತು ‘ಆಪರೇಷನ್ ಮಾಡಿಸಿ ತೆಗೆಸಿಬಿಡೋಣ’ ಎಂಬುದು. ಹೆಚ್ಚಿನವರಿಗೆ ಅದು ಆಗದ ಕೆಲಸ ಎಂದು ಗೊತ್ತಾದ ಮೇಲೆ ಎರಡನೆಯ ಮಾತು ಬರುತ್ತದೆ: ‘ಬೆಂಗಳೂರಲ್ಲಿ ಹೊಟ್ಟೆ ಕುಯ್ಯದೇನೇ ನರದೊಳಗಿಂದ ಕರೆಂಟ್ ಕೊಡ್ತಾರಂತೆ ಕಣಣ್ಣ.’ ಮೈಸೂರಿನ ಕೆ.ಆರ್. ಆಸ್ಪತ್ರೆಯ ವರಾಂಡದಲ್ಲೋ, ಮಂಡ್ಯದ ಮಿಮ್ಸ್ ಆಸ್ಪತ್ರೆ ಸುತ್ತಲಿನ ಟೀ ಅಂಗಡಿಯಲ್ಲೋ ಕಾಯುತ್ತ ಕುಳಿತವರ ನಡುವೆ ಇಂಥ ಸುದ್ದಿ ವರದಿಗಿಂತ ಬೇಗ ಓಡಾಡುತ್ತದೆ.

ಸುದ್ದಿ ಸುಳ್ಳಲ್ಲ. ರೇಡಿಯೋಎಂಬೊಲೈಸೇಷನ್ ಎಂಬ ಈ ಚಿಕಿತ್ಸೆಯನ್ನು ಆಸ್ಪತ್ರೆಯವರು ಚುಟುಕಾಗಿ ‘ವೈ-90’ ಎನ್ನುತ್ತಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಹೊಲಿಗೆ ಇಲ್ಲ, ಪೂರ್ತಿ ಅರಿವಳಿಕೆ ಬೇಕಿಲ್ಲ, ಬಹಳ ಜನ ಮರುದಿನವೇ ಮನೆಗೆ ಹೋಗುತ್ತಾರೆ. ಆದರೆ ಇದರ ಬಗ್ಗೆ ಬರುವ ಸುದ್ದಿಯೆಲ್ಲ ಗೆಡ್ಡೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟು ಸೆಂಟಿಮೀಟರ್ ಇತ್ತು, ಎಷ್ಟಕ್ಕೆ ಇಳಿಯಿತು ಎಂದು. ಚಿಕಿತ್ಸೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಮುಳುವಾಗುತ್ತದೆ ಎಂದು ತೀರ್ಮಾನಿಸುವುದು ಬಹುಪಾಲು ಗೆಡ್ಡೆ ಬಿಟ್ಟು ಉಳಿದ ಲಿವರ್. ನಮ್ಮ ಭಾಗದ ರೋಗಿಗಳು ಸೋಲುವುದೂ ಅಲ್ಲೇ.

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 8.66 ಲಕ್ಷ ಜನ ಹೊಸದಾಗಿ ತುತ್ತಾದರು. ಅದೇ ವರ್ಷ ಅದರಿಂದ ಸತ್ತವರು ಸುಮಾರು 7.58 ಲಕ್ಷ. ಎರಡು ಅಂಕಿಗಳ ನಡುವಿನ ಅಂತರ ಇಷ್ಟು ಕಡಿಮೆ ಇರುವುದೇ ರೋಗದ ಸ್ವಭಾವ ಹೇಳುತ್ತದೆ. ಈ ಕ್ಯಾನ್ಸರ್ ಸಾಮಾನ್ಯವಾಗಿ ಒಳ್ಳೆಯ ಲಿವರ್‌ನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ, ಸಿ, ವರ್ಷಗಟ್ಟಲೆ ಕುಡಿತ, ಈಗೀಗ ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಬೆನ್ನಿಗೆ ಬರುವ ಫ್ಯಾಟಿ ಲಿವರ್, ಇವು ಲಿವರ್ ಅನ್ನು ನಿಧಾನಕ್ಕೆ ಗಾಯಗೊಳಿಸಿ, ಕಲೆ ಕಟ್ಟಿಸಿ, ಗಟ್ಟಿ ಮಾಡುತ್ತವೆ. ಅದು ಸಿರೋಸಿಸ್. ಅಂಥ ಲಿವರ್‌ನಲ್ಲಿ ಗೆಡ್ಡೆ ಎದ್ದರೆ ರೋಗಿಗೆ ಒಂದೇ ಸಲ ಎರಡು ಕಾಯಿಲೆ. ಸರ್ಜನ್ ಗೆಡ್ಡೆ ಕತ್ತರಿಸಿ ತೆಗೆಯಬಲ್ಲರು. ಉಳಿದ ತುಂಡು ಮೈಯನ್ನು ಸಾಕಲಾರದು. ಹೆಚ್ಚಿನವರಿಗೆ ಆಪರೇಷನ್ ಆಗದಿರುವುದು ಇದರಿಂದ.

ಹಾಗಾದರೆ ಹೊರಗಿನಿಂದ ವಿಕಿರಣ ಕೊಡಬಾರದೇ? ಇಡೀ ಲಿವರ್ ತಡೆದುಕೊಳ್ಳುವ ವಿಕಿರಣ ಸುಮಾರು 30 ಗ್ರೇ ಮಾತ್ರ (ಗ್ರೇ ಎಂದರೆ ಮೈ ಹೀರುವ ವಿಕಿರಣದ ಅಳತೆ), ಗೆಡ್ಡೆ ಸಾಯಲು ಅದಕ್ಕಿಂತ ಬಹಳ ಹೆಚ್ಚು ಬೇಕು. ಲಿವರ್‌ನ ರಕ್ತಸಂಚಾರದಲ್ಲಿರುವ ಒಂದು ವೈಚಿತ್ರ್ಯ ಇಲ್ಲಿ ಕೈ ಹಿಡಿಯಿತು. ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದ್ದು, ಕಾಲು ಪಾಲು ಹೆಪಾಟಿಕ್ ಅಪಧಮನಿಯದ್ದು. ಗೆಡ್ಡೆ ಮಾತ್ರ ಬಹುತೇಕ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒಂದು ಗದ್ದೆ ಇದೆ, ಪೈರಿಗೆ ಮುಕ್ಕಾಲು ನೀರು ನಾಲೆಯದು, ಕಾಲು ಬೋರ್‌ವೆಲ್‌ನದು ಅಂದುಕೊಳ್ಳಿ. ಕಳೆ ಮಾತ್ರ ಬೋರ್‌ವೆಲ್ ನೀರನ್ನೇ ಕುಡಿಯುತ್ತದೆ. ಔಷಧಿಯನ್ನು ಬೋರ್‌ವೆಲ್ ಪೈಪಿಗೆ ಬಿಟ್ಟರೆ ಸಾಕು. ಪೈರಿಗೆ ಒಂದಿಷ್ಟೂ ತಾಕುವುದಿಲ್ಲ ಎಂದಲ್ಲ, ಕಳೆಗೆ ಸಿಗುವುದೇ ಹೆಚ್ಚು.

ಬಿಡುವ ಔಷಧಿ ಯಿಟ್ರಿಯಂ-90 ಎಂಬ ವಿಕಿರಣಶೀಲ ಧಾತುವನ್ನು ಹೊತ್ತ ಅತಿ ಸಣ್ಣ ಗುಂಡುಗಳು. ಎರಡು ಬಗೆ ಬಳಕೆಯಲ್ಲಿವೆ. ಗಾಜಿನವು 20ರಿಂದ 30 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರು ಭಾಗದಲ್ಲಿ ಎರಡು ಮೂರು ಭಾಗ. ರಾಳದವು 20ರಿಂದ 60 ಮೈಕ್ರಾನ್. ಲಕ್ಷಗಟ್ಟಲೆ ಗುಂಡುಗಳು ಗೆಡ್ಡೆಯ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಕೂರುತ್ತವೆ. ಅವು ಹೊರಸೂಸುವ ಬೀಟಾ ಕಿರಣ ಅಂಗಾಂಶದೊಳಗೆ ಹೋಗುವುದು ಸರಾಸರಿ ಎರಡೂವರೆ ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್. ಹೀಗಾಗಿ ಗೆಡ್ಡೆಗೆ 200 ಗ್ರೇ ಮೀರಿ ಬಿದ್ದರೂ ಪಕ್ಕದ ಹೊಟ್ಟೆ, ಮೂತ್ರಪಿಂಡ ತಮ್ಮ ಪಾಡಿಗೆ ಇರಬಲ್ಲವು. ಯಿಟ್ರಿಯಂ-90ರ ಅರ್ಧಾಯುಷ್ಯ ಸುಮಾರು 64 ಗಂಟೆ. ಹನ್ನೊಂದು ದಿನಗಳಲ್ಲಿ ವಿಕಿರಣದ ಶೇ. 94ರಷ್ಟು ಖರ್ಚಾಗಿರುತ್ತದೆ, ಗುಂಡುಗಳು ಮಾತ್ರ ಒಳಗೇ ಉಳಿಯುತ್ತವೆ, ನಿರುಪದ್ರವಿಯಾಗಿ.

ಇದು ಒಂದೇ ಸಲಕ್ಕೆ ಮುಗಿಯುವುದು ಅಪರೂಪ ಎಂಬುದನ್ನು ಬೆಂಗಳೂರಿಗೆ ಹೊರಡುವ ಮುನ್ನವೇ ತಿಳಿದಿರಬೇಕು. ಸಾಮಾನ್ಯವಾಗಿ ಮೊದಲ ಭೇಟಿ ಬರೀ ನಕ್ಷೆ ಹಾಕಲು. ಮಣಿಕಟ್ಟಿನಲ್ಲೋ ತೊಡೆಸಂದಿಯಲ್ಲೋ ಅಪಧಮನಿಗೆ ಸೂಜಿ ಚುಚ್ಚಿ ಕ್ಯಾಥೆಟರ್ ಎಂಬ ತೆಳ್ಳಗಿನ ಕೊಳವೆ ತೂರಿಸುತ್ತಾರೆ. ಡೈ ಬಿಟ್ಟಾಗ ಮೈಯೊಳಗೆ ಬಿಸಿ ಹರಿದಂತಾಗುತ್ತದೆ, ಎದುರಿನ ಪರದೆಯಲ್ಲಿ ಲಿವರ್‌ನ ರಕ್ತನಾಳಗಳು ಕಪ್ಪಗೆ ಕವಲೊಡೆದು ಕಾಣುತ್ತವೆ, ಗೆಡ್ಡೆ ಇರುವಲ್ಲಿ ಒಂದು ದಟ್ಟ ಮಚ್ಚೆ. ಡಾಕ್ಟರ್ ಹುಡುಕುವುದು ಗೆಡ್ಡೆಯನ್ನಷ್ಟೇ ಅಲ್ಲ, ತಪ್ಪು ದಾರಿಗಳನ್ನು. ಲಿವರ್ ಅಪಧಮನಿಯಿಂದ ಹೊಟ್ಟೆಗೋ ಸಣ್ಣ ಕರುಳಿಗೋ ಒಂದು ಎಳೆ ಹೊರಟಿದ್ದರೆ ಗುಂಡುಗಳು ಅಲ್ಲಿಗೂ ಹೋಗಿ ವಾಸಿಯಾಗದ ಹುಣ್ಣು ಮಾಡುತ್ತವೆ. ಅಂಥ ಎಳೆ ಸಿಕ್ಕರೆ ಕೆಲವೊಮ್ಮೆ ಲೋಹದ ಸುರುಳಿ ಇಟ್ಟು ಮುಚ್ಚುತ್ತಾರೆ.

ಆಮೇಲೆ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಅಂಟಿಸಿದ ಪ್ರೋಟೀನ್ ಕಣಗಳನ್ನು ಅದೇ ಜಾಗದಲ್ಲಿ ಬಿಟ್ಟು, ರೋಗಿಯನ್ನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಕ್ಯಾಮೆರಾ ಕೆಳಗೆ ಮಲಗಿಸುತ್ತಾರೆ. ನಿಜವಾದ ಗುಂಡುಗಳು ಎಲ್ಲೆಲ್ಲಿ ಹೋದಾವು ಎಂಬುದರ ತಾಲೀಮು ಇದು. ಕೆಲವು ಗೆಡ್ಡೆಗಳಲ್ಲಿ ಅಪಧಮನಿಯಿಂದ ನೇರ ಅಭಿಧಮನಿಗೆ ಕಳ್ಳದಾರಿ ಇರುತ್ತದೆ, ಕಣಗಳು ಶ್ವಾಸಕೋಶಕ್ಕೆ ಸೋರುತ್ತವೆ. ಶ್ವಾಸಕೋಶಕ್ಕೆ ಒಂದು ಸಲಕ್ಕೆ 30 ಗ್ರೇ ಮೀರುವಂತಿದ್ದರೆ ಡೋಸ್ ಕಡಿಮೆ ಮಾಡಬೇಕು, ಇಲ್ಲವೇ ಚಿಕಿತ್ಸೆಯನ್ನೇ ಕೈಬಿಡಬೇಕು. ಇಷ್ಟು ಲೆಕ್ಕವಾದ ಮೇಲೆ ಡೋಸ್‌ಗೆ ಆರ್ಡರ್ ಹೋಗುತ್ತದೆ. ಇದು ಸ್ಟೋರ್‌ರೂಮಿನಲ್ಲಿ ಇಟ್ಟುಕೊಳ್ಳುವ ಔಷಧಿಯಲ್ಲ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ರೋಗಿಗೆ ಎಂದೇ ತರಿಸಬೇಕು. ಆವತ್ತು ರೋಗಿಗೆ ಜ್ವರ ಬಂದರೆ, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ, ಸೀಸೆಯೊಳಗಿನ ಯಿಟ್ರಿಯಂ ಕಾಯುತ್ತ ಕೂರುವುದಿಲ್ಲ.

ಚಿಕಿತ್ಸೆಯ ದಿನ ನೋಡುವವರ ಕಣ್ಣಿಗೆ ಬೀಳುವುದು ದಪ್ಪ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಅದರೊಳಗೆ ಬೆರಳು ಗಾತ್ರದ ಸೀಸೆ. ವಿಕಿರಣ ಎಂದರೆ ಸೀಸದ ತಡೆ ಎಂದುಕೊಂಡವರಿಗೆ ಇದು ವಿಚಿತ್ರ. ಬೀಟಾ ಕಣಗಳು ಸೀಸಕ್ಕೆ ನೇರ ಬಡಿದರೆ ಎಕ್ಸ್-ರೇ ಹುಟ್ಟಿಸುತ್ತವೆ, ಪ್ಲಾಸ್ಟಿಕ್ ಅವನ್ನು ತಣ್ಣಗೆ ನಿಲ್ಲಿಸುತ್ತದೆ. ಗುಂಡುಗಳನ್ನು ಒಳಗೆ ತೊಳೆದು ಬಿಡುವುದು ಕೆಲವೇ ನಿಮಿಷಗಳ ಕೆಲಸ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಮುಗಿದ ಮೇಲೆ ಕೊಠಡಿಯಲ್ಲಿದ್ದವರ ಚಪ್ಪಲಿ, ಕೈಗವಸು, ನೆಲ ಎಲ್ಲವನ್ನೂ ಮೀಟರ್ ಹಿಡಿದು ಪರೀಕ್ಷಿಸುತ್ತಾರೆ. ಮನೆಗೆ ಬಂದವರಿಗೆ ಹೇಳಿ ಕಳಿಸುವುದು ಸರಳ: ಕೆಲವು ದಿನ ಎಳೆಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಳ್ಳಬೇಡಿ, ಬಸುರಿಯರಿಂದ ತುಸು ದೂರ ಇರಿ. ತಟ್ಟೆ ಲೋಟ ಬೇರೆ ಮಾಡಿ ಮೂಲೆಗೆ ಕೂರಿಸುವ ಕಾಯಿಲೆ ಇದಲ್ಲ. ವಾರಗಟ್ಟಲೆ ಸುಸ್ತು, ಊಟ ಸೇರದಿರುವುದು, ಸಣ್ಣ ಜ್ವರ ಇರಬಹುದು. ಒಂದು ತಿಂಗಳಿಗೆ ಸಿಟಿ ಮಾಡಿಸಿದರೆ ಗೆಡ್ಡೆ ಅಷ್ಟೇ ಇರಬಹುದು, ಊದಿಕೊಂಡೂ ಕಾಣಬಹುದು. ‘ದುಡ್ಡೆಲ್ಲ ನೀರಿಗೆ ಹೋಯ್ತು’ ಎಂದು ಮನೆಯವರು ಕಂಗಾಲಾಗುತ್ತಾರೆ. ಒಳಗೆ ಜೀವಂತ ಭಾಗ ಎಷ್ಟು ಸತ್ತಿದೆ ಎಂದು ಸರಿಯಾಗಿ ಹೇಳಲು ಮೂರರಿಂದ ಆರು ತಿಂಗಳು ಬೇಕು.

ಈಗ ಉಳಿದ ಲಿವರ್‌ನ ವಿಷಯ. ಇಬ್ಬರನ್ನು ಊಹಿಸಿಕೊಳ್ಳೋಣ. ಮಳವಳ್ಳಿ ಕಡೆಯ ಒಬ್ಬ ರೈತ, ಲಿವರ್‌ನ ಬಲಭಾಗದಲ್ಲಿ ಏಳು ಸೆಂಟಿಮೀಟರ್ ಗೆಡ್ಡೆ. ರಕ್ತದಲ್ಲಿ ಬಿಲಿರುಬಿನ್ (ಲಿವರ್ ಸೋತಂತೆ ಏರುವ ಹಳದಿ ಅಂಶ) 1.1, ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್, ಲಿವರ್ ಸೋತರೆ ಇಳಿಯುತ್ತದೆ) 3.6, ಹೊಟ್ಟೆಯಲ್ಲಿ ನೀರಿಲ್ಲ, ಈಗಲೂ ತೋಟಕ್ಕೆ ನಡೆದೇ ಹೋಗಿಬರುತ್ತಾನೆ. ಇನ್ನೊಬ್ಬ ನಂಜನಗೂಡಿನ ವ್ಯಾಪಾರಿ, ಗೆಡ್ಡೆ ನಾಲ್ಕೇ ಸೆಂಟಿಮೀಟರ್. ಬಿಲಿರುಬಿನ್ 3.6, ಅಲ್ಬುಮಿನ್ 2.5, ಹೊಟ್ಟೆ ತುಂಬ ನೀರು, ಕಾಲು ಊದಿದೆ. ಯಾರ ಸ್ಥಿತಿ ಮೇಲು ಎಂದು ಕೇಳಿದರೆ ಸಣ್ಣ ಗೆಡ್ಡೆಯವನದ್ದು ಎನ್ನುವವರೇ ಹೆಚ್ಚು. ವೈ-90 ಸಿಗುವುದು ಮೊದಲನೆಯವನಿಗೆ. ಬಿಲಿರುಬಿನ್ 2 ದಾಟಿತೆಂದರೆ ಬಹುತೇಕ ಆಸ್ಪತ್ರೆಗಳು ಹಿಂಜರಿಯುತ್ತವೆ, ನೀರು ತುಂಬಿದ್ದರಂತೂ ಕೈ ಹಾಕುವುದಿಲ್ಲ. ಸೋತ ಲಿವರ್‌ಗೆ ವಿಕಿರಣ ತಾಕಿದರೆ ಗೆಡ್ಡೆ ಸತ್ತೂ ರೋಗಿ ಉಳಿಯದಿರಬಹುದು: ಒಂದೆರಡು ತಿಂಗಳೊಳಗೆ ಕಾಮಾಲೆ ಏರುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ಲಿವರ್ ಕೈಕೊಡುತ್ತದೆ.

‘ದುಡ್ಡು ಹೆಂಗಾರ ಹೊಂದುಸ್ತೀವಿ ಡಾಕ್ಟ್ರೇ, ಅದೊಂದು ಮಾಡ್ಬಿಡಿ’ ಎಂದು ಮಗ ಅಂಗಲಾಚುತ್ತಾನೆ. ‘ದುಡ್ಡಿನ ಮಾತಲ್ಲಪ್ಪ, ಲಿವರ್ ತಡೆಯಲ್ಲ’ ಎಂಬ ಉತ್ತರ ತಳ್ಳಿಹಾಕುವ ನೆಪದಂತೆ ಕೇಳಿಸುತ್ತದೆ. ಅದೇ ವ್ಯಾಪಾರಿಗೆ ಇನ್ನೊಂದು ಬಾಗಿಲು ತೆರೆದಿರಬಹುದು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಒಂದೇ ಗೆಡ್ಡೆ, ಐದು ಸೆಂಟಿಮೀಟರ್ ಒಳಗೆ, ರಕ್ತನಾಳಕ್ಕೆ ನುಗ್ಗಿಲ್ಲ, ಬೇರೆಡೆ ಹರಡಿಲ್ಲ ಎಂದಾದರೆ 1996ರಿಂದ ಬಳಕೆಯಲ್ಲಿರುವ ಮಿಲಾನ್ ಮಾನದಂಡದ ಪ್ರಕಾರ ಅವನು ಲಿವರ್ ಕಸಿಗೆ ಯೋಗ್ಯ. ಕಸಿಯಿಂದ ಗೆಡ್ಡೆಯೂ ಹೋಗುತ್ತದೆ, ಸಿರೋಸಿಸ್ಸೂ ಹೋಗುತ್ತದೆ. ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆಯಲ್ಲಿ ಹೆಸರು ಬರೆಸುವುದೋ, ಮನೆಯವರೇ ಲಿವರ್‌ನ ಭಾಗ ಕೊಡುವುದೋ ಎಂಬ ಚರ್ಚೆ ಅಲ್ಲಿ ಶುರುವಾಗಬೇಕು. ‘ವೈ-90 ಆಗಲ್ಲ’ ಎಂದ ಕೂಡಲೇ ಊರಿಗೆ ಕರೆದುಕೊಂಡು ಹೋಗಿಬಿಟ್ಟರೆ ಆ ಚರ್ಚೆ ನಡೆಯುವುದೇ ಇಲ್ಲ.

ಬಿಲಿರುಬಿನ್ ಎಂದರೆ ನಮ್ಮ ಜನಕ್ಕೆ ಕಾಮಾಲೆ. ಕಾಮಾಲೆ ಎಂದರೆ ನೆಲನೆಲ್ಲಿ ರಸ, ಪಥ್ಯ, ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಯಾರೋ ಕೊಡುವ ಮದ್ದು. ಕಲುಷಿತ ನೀರಿನಿಂದ ಬರುವ ಕಾಮಾಲೆ ಹೆಚ್ಚಿನ ಸಲ ತಾನಾಗಿ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಆ ನಂಬಿಕೆ ಬೆಳೆದದ್ದು ಹಾಗೆ. ಐವತ್ತು ದಾಟಿದ, ಕುಡಿತವೋ ಸಕ್ಕರೆ ಕಾಯಿಲೆಯೋ ಇರುವ ಮನುಷ್ಯನ ಕಣ್ಣು ಹಳದಿಯಾದಾಗಲೂ ಅದೇ ಮದ್ದು ಎರಡು ತಿಂಗಳು ನಡೆದರೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ನಾಟಿ ವೈದ್ಯರನ್ನಷ್ಟೇ ಬೈದು ಪ್ರಯೋಜನವಿಲ್ಲ. ಸ್ಕ್ಯಾನ್‌ನಲ್ಲಿ ಸಿರೋಸಿಸ್ ಎಂದು ಬರೆದು, ಮುಂದೆ ಏನೆಂದು ಹೇಳದೆ ಒಂದು ಟಾನಿಕ್ ಬರೆದು ಕಳಿಸುವ ಕ್ಲಿನಿಕ್‌ಗಳೂ ಕಡಿಮೆಯಿಲ್ಲ.

ಇನ್ನು ಈ ಚಿಕಿತ್ಸೆ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ? ಇಲ್ಲಿ ಜಾಹೀರಾತಿನ ದನಿಗೂ ಅಧ್ಯಯನಗಳ ದನಿಗೂ ಅಂತರವಿದೆ. ಲಿವರ್‌ನೊಳಗೇ ಮುಂದುವರಿದ ಗೆಡ್ಡೆಗಳಲ್ಲಿ ರೇಡಿಯೋಎಂಬೊಲೈಸೇಷನ್ ಅನ್ನು ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆಯ ಜೊತೆ ಹೋಲಿಸಿದ ಎರಡು ದೊಡ್ಡ ಅಧ್ಯಯನಗಳು, ಫ್ರಾನ್ಸ್‌ನ ಸಾರಾ (2017) ಮತ್ತು ಏಷ್ಯಾ ಪೆಸಿಫಿಕ್ ಭಾಗದ ಸರ್ವ್‌ನಿಬ್ (2018), ಆಯಸ್ಸು ಹೆಚ್ಚಿತು ಎಂದು ತೋರಿಸಲಿಲ್ಲ. ಮಾತ್ರೆಯವರಿಗಿಂತ ಉಪದ್ರವ ಕಡಿಮೆ ಇತ್ತು, ಅಷ್ಟೇ. ಅಷ್ಟೇ ಎಂದು ತಳ್ಳಿಹಾಕುವಂತೆಯೂ ಇಲ್ಲ: ಅಂಗೈ ಅಂಗಾಲು ಬಿರಿದು ಭೇದಿಯಲ್ಲಿ ನರಳುವವರನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಅದರ ಮೇಲೆ 2020ರಲ್ಲಿ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಇಂಜೆಕ್ಷನ್ ಜೋಡಿ ಸೊರಾಫೆನಿಬ್ ಅನ್ನೇ ಹಿಂದಿಕ್ಕಿತು. ಕಾಯಿಲೆ ಲಿವರ್ ದಾಟಿದವರಿಗೆ ಇಂದು ಮೊದಲ ಮಾತು ಇಂಥ ಇಮ್ಯುನೋಥೆರಪಿಯದ್ದೇ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆಯದ್ದು.

ಆಟ ಬದಲಾದದ್ದು ಡೋಸ್ ಲೆಕ್ಕದಲ್ಲಿ. ಹಳೆಯ ಅಧ್ಯಯನಗಳಲ್ಲಿ ಗೆಡ್ಡೆಗೆ ನಿಜಕ್ಕೂ ಎಷ್ಟು ಬಿತ್ತು ಎಂಬ ಲೆಕ್ಕ ಒರಟಾಗಿತ್ತು. 2021ರಲ್ಲಿ ಪ್ರಕಟವಾದ ಡೋಸಿಸ್ಫಿಯರ್ ಎಂಬ ಫ್ರೆಂಚ್ ಅಧ್ಯಯನ 60 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ರೂಢಿಯ ಲೆಕ್ಕ, ಇನ್ನೊಂದಕ್ಕೆ ಗೆಡ್ಡೆಗೇ ಕನಿಷ್ಠ 205 ಗ್ರೇ ತಲುಪುವಂತೆ ಒಬ್ಬೊಬ್ಬರಿಗೂ ಬೇರೆ ಲೆಕ್ಕ. ಮೊದಲ ಗುಂಪಿನ ಮಧ್ಯಕ ಬದುಕುಳಿವು (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದ ಅವಧಿ) 10.7 ತಿಂಗಳು, ಎರಡನೆಯದ್ದು 26.6 ತಿಂಗಳು. ಅಧ್ಯಯನ ಚಿಕ್ಕದು, ಆದರೂ ಸಂದೇಶ ಸ್ಪಷ್ಟ. ಅದೇ ವರ್ಷದ ಲೆಗಸಿ ಅಧ್ಯಯನ ಒಂದೇ ಗೆಡ್ಡೆ, ಎಂಟು ಸೆಂಟಿಮೀಟರ್ ಒಳಗಿನ 162 ರೋಗಿಗಳನ್ನು ನೋಡಿತು; ಮೂರು ವರ್ಷದ ಕೊನೆಗೆ ಶೇ. 86ರಷ್ಟು ಮಂದಿ ಬದುಕಿದ್ದರು. ಇದಕ್ಕೆ ಹೋಲಿಕೆಯ ಗುಂಪು ಇರಲಿಲ್ಲ, ಆಯ್ದವರ ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿತ್ತು ಎಂಬುದನ್ನು ಮರೆಯಬಾರದು. ಇದಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಾಜಿನ ಗುಂಡುಗಳಿಗೆ ಲಿವರ್ ಕ್ಯಾನ್ಸರ್‌ನಲ್ಲಿ ಪೂರ್ಣ ಅನುಮೋದನೆ ಕೊಟ್ಟಿತು. ದೊಡ್ಡ ಕರುಳಿನಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್‌ನಲ್ಲಿ ಮಾತ್ರ ಮೊದಲ ಹಂತದ ಕೀಮೋ ಜೊತೆ ಸೇರಿಸಿದರೂ ಆಯಸ್ಸು ಹೆಚ್ಚಲಿಲ್ಲ.

ಆಸ್ಪತ್ರೆಯಲ್ಲಿ ‘ಇಲ್ಲಿ ವೈ-90 ಇದೆಯಾ’ ಎಂದು ಕೇಳುವುದಕ್ಕಿಂತ ‘ಡೋಸ್ ಲೆಕ್ಕ ಹಾಕುವವರು ಯಾರು, ಗೆಡ್ಡೆಗೆ ಎಷ್ಟು ಗ್ರೇ, ಉಳಿದ ಲಿವರ್‌ಗೆ ಎಷ್ಟು’ ಎಂದು ಕೇಳುವುದು ಮೇಲು. ಬೇಕಾದ್ದು ಯಂತ್ರಕ್ಕಿಂತ ಒಂದು ತಂಡ. ಹೃದಯ ಚಿಕಿತ್ಸೆಯ ದೆಸೆಯಿಂದ ಮೈಸೂರಿನಲ್ಲಿ ಕ್ಯಾಥ್‌ಲ್ಯಾಬ್‌ಗೆ, ಅಂದರೆ ರಕ್ತನಾಳಕ್ಕೆ ಕ್ಯಾಥೆಟರ್ ತೂರಿಸುವ ಕೊಠಡಿಗೆ, ಬರವಿಲ್ಲ. ಅದರ ಜೊತೆಗೆ ರಕ್ತನಾಳದೊಳಗಿಂದ ಚಿಕಿತ್ಸೆ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ವಿಕಿರಣದ ಲೆಕ್ಕ ನೋಡುವ ಮೆಡಿಕಲ್ ಫಿಸಿಸಿಸ್ಟ್, ಲಿವರ್ ವೈದ್ಯರು, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಎಲ್ಲ ಒಂದೇ ಸೂರಿನಡಿ ಸೇರಬೇಕು. ಇವರೆಲ್ಲ ಕೂತು ಒಂದು ಕೇಸ್ ಚರ್ಚಿಸುವ ಟ್ಯೂಮರ್ ಬೋರ್ಡ್ ಇಲ್ಲದ ಕಡೆ ಮಾಡಿಸಿಕೊಳ್ಳಬೇಡಿ ಎಂದೇ ನಾನು ಹೇಳುವುದು.

ದುಡ್ಡು. ಹೊರದೇಶದಿಂದ ಬರುವ ಗುಂಡುಗಳ ಒಂದು ಡೋಸೇ ಹಲವು ಲಕ್ಷದ ಬಾಬತ್ತು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ‘ಭಾಭಾಸ್ಫಿಯರ್’ ಎಂಬ ದೇಶೀ ಗಾಜಿನ ಗುಂಡುಗಳನ್ನು ರೂಪಿಸಿದೆ, ಬೆಲೆ ಇಳಿಸುವುದೇ ಅದರ ಉದ್ದೇಶ; ನಿಮ್ಮ ಡಾಕ್ಟರ್ ಹತ್ತಿರ ಅದರ ಹೆಸರೆತ್ತಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ಮಿತಿ ಇದೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಒಂದೂವರೆ ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅಂದರೆ ಕೆ.ಆರ್. ಆಸ್ಪತ್ರೆಯ ಅಥವಾ ಮಿಮ್ಸ್‌ನ ಚೀಟಿ. ಆರೋಗ್ಯ ಮಿತ್ರರ ಕೌಂಟರ್‌ನಲ್ಲಿ ‘ಲಿವರ್ ಕ್ಯಾನ್ಸರ್‌ಗೆ ಕಾರ್ಡ್ ನಡೆಯುತ್ತಾ’ ಎಂದರೆ ‘ನಡೆಯುತ್ತೆ’ ಎಂದೇ ಉತ್ತರ ಬರುತ್ತದೆ, ಕೀಮೋಗೆ ನಡೆಯುತ್ತದಲ್ಲ! ಚಿಕಿತ್ಸೆಯ ಪೂರ್ತಿ ಹೆಸರು ಬರೆಸಿಕೊಂಡು ಹೋಗಿ, ಗುಂಡುಗಳ ಖರ್ಚು ಪ್ಯಾಕೇಜ್ ಒಳಗೋ ಹೊರಗೋ ಎಂದು ಕೇಳಬೇಕು. ಅರ್ಧ ಎಕರೆ ಮಾರುವ ಮಾತು ಅದಾದ ಮೇಲೆ.

ಬೆಂಗಳೂರಿಗೆ ಓಡುವ ಮುನ್ನ ಕೇಳಬೇಕಾದ ಇನ್ನೊಂದಿದೆ: ಎಸ್‌ಬಿಆರ್‌ಟಿ. ಹೊರಗಿನಿಂದಲೇ ಕೊಡುವ ವಿಕಿರಣ, ಆದರೆ ಗೆಡ್ಡೆಯ ಆಕಾರಕ್ಕೆ ತಕ್ಕಂತೆ, ಉಸಿರಾಟದ ಜೊತೆ ಲಿವರ್ ಮೇಲೆ ಕೆಳಗೆ ಸರಿಯುವುದನ್ನೂ ಲೆಕ್ಕಕ್ಕೆ ಹಿಡಿದು, ಹೆಚ್ಚಾಗಿ ಮೂರರಿಂದ ಐದು ಸಲದಲ್ಲಿ ಮುಗಿಸುವಂಥದ್ದು. ಇದಕ್ಕೆ ಬೇಕಾದ ಲೀನಿಯರ್ ಆಕ್ಸಿಲರೇಟರ್ ಎಂಬ ವಿಕಿರಣ ಯಂತ್ರ ಮೈಸೂರಿಗೆ ಹೊಸದಲ್ಲ. ಗೆಡ್ಡೆ ಪೋರ್ಟಲ್ ರಕ್ತನಾಳಕ್ಕೆ ನುಗ್ಗಿದವರಿಗೂ ಇದು ಕೆಲವೊಮ್ಮೆ ಒಗ್ಗುತ್ತದೆ. ಇಲ್ಲೂ ನಿಯಮ ಅದೇ, ಉಳಿದ ಲಿವರ್ ತಡೆಯಬೇಕು. ಆದರೂ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಚಿಕಿತ್ಸೆಯನ್ನು ಹೆಸರು ಹೊಸದಲ್ಲ ಎಂಬ ಕಾರಣಕ್ಕೆ ಬಿಟ್ಟು, ನೂರೈವತ್ತು ಕಿಲೋಮೀಟರ್ ಆಚೆಗಿನದಕ್ಕೆ ಸಾಲ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ.

ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಬಂದದ್ದು 2011ರ ಹೊತ್ತಿಗೆ. ಇವತ್ತು ನಲವತ್ತು ಐವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಅದು ಬಿದ್ದಿಲ್ಲ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ಸಿ ಆದರೆ ಹೆಚ್ಚಿನವರಿಗೆ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯೇ ಆಗುತ್ತದೆ. ಸಿರೋಸಿಸ್ ಇದೆ ಎಂದು ಒಮ್ಮೆ ಗೊತ್ತಾದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಇದಕ್ಕೆ ಬೆಂಗಳೂರು ಬೇಡ, ತಾಲ್ಲೂಕು ಕೇಂದ್ರದಲ್ಲೇ ಆಗುತ್ತದೆ. ಹಾಗೆ ನೋಡುತ್ತಿದ್ದರೆ ಗೆಡ್ಡೆ ಎರಡು ಸೆಂಟಿಮೀಟರ್ ಇರುವಾಗಲೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಆ ಗಾತ್ರದ ಗೆಡ್ಡೆಯನ್ನು ಹೊರಗಿನಿಂದ ಒಂದು ಸೂಜಿ ಚುಚ್ಚಿ ಶಾಖದಿಂದ ಸುಟ್ಟುಹಾಕುತ್ತಾರೆ. ಯಿಟ್ರಿಯಂ ತರಿಸುವ ಪ್ರಮೇಯವೇ ಹೆಚ್ಚಿನ ಸಲ ಬರುವುದಿಲ್ಲ.